ಎಡಗೈಯ ಕೆಲಸ

ಚಿಯಾತುರಾದಲ್ಲಿ ಸಮನೆಲ ಅಂತ ಇರುವುದೇ ಕಡಿಮೆ.
ಎರಡು ಬಂಡೆಗೋಡೆ, ನಡುವೆ ಮ್ಯಾಂಗನೀಸಿನ ಮಸಿ ತೊಳೆಯುವ ಹೊಳೆ,
ತಲೆಯ ಮೇಲೆ ತಂತಿಗೆ ಜೋತ ತಗಡಿನ ತೊಟ್ಟಿಲುಗಳು.
ಅಂಥ ಊರಲ್ಲಿ ನಮಗೆ ಬೀಳಲು ಕಲಿಸಿದರು
ಅನ್ಜೋರ್ ಮೇಷ್ಟ್ರು,
ಗಣಿಯವರ ಹಳೆಯ ಕ್ಲಬ್ಬಿನಲ್ಲಿ,
ಮರದ ಹೊಟ್ಟು ತುಂಬಿದ ಕ್ಯಾನ್ವಾಸಿನ ಮೇಲೆ.

ಮೂರು ತಿಂಗಳು ಬರೀ ಬೀಳುವುದು.
ಗದ್ದ ಎದೆಗೆ. ಬೆನ್ನು ಬಿಲ್ಲು.
ನೆಲ ನಿನ್ನನ್ನು ಹೊಡೆಯುವ ಮೊದಲು
ಅಂಗೈಯಿಂದ ನೀನೇ ಅದನ್ನು ಹೊಡೆ.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರಿಗೆ
ಅಲ್ಲಿ ಜಾಗವಿರಲಿಲ್ಲ.
ಮೀಸೆಯಿಲ್ಲದ ಹನ್ನೊಂದು ಹುಡುಗಿಯರು ನಾವು,
ಬಿದ್ದೆವು ಅಂತ ಸದ್ದು ಮಾಡಿಯೇ ಹೇಳಬೇಕು.

ಆಮೇಲೆ ಪಟ್ಟು. ಒಸೊತೊ ಗಾರಿ.
ಗಾರಿ ಅಂದರೆ ಜಪಾನಿನವರಲ್ಲಿ ಕೊಯ್ಲು, ಅಂದರು.
ಬೇಸಿಗೆಯೆಲ್ಲ ಅಜ್ಜಿಯ ಹುಲ್ಲು ಕೊಯ್ದವರು ನಾವು; ನಕ್ಕೆವು.
ನಗಬೇಡಿ.
ಕುಡುಗೋಲಿಗಿಂತ ಮೊದಲು
ತೆನೆ ಬಗ್ಗಿಸುವ ಕೈ ಒಂದಿದೆಯಲ್ಲ, ಅದನ್ನು ನೆನೆಯಿರಿ.
ಎದುರಿನವಳ ಭಾರವನ್ನೆಲ್ಲ
ಒಂದೇ ಹಿಮ್ಮಡಿಗೆ ತಂದು ನಿಲ್ಲಿಸಿ:
ತುಂಬಿದ ಹೂಜಿ ಓರೆಯಾಗಿ
ಇನ್ನೂ ಚೆಲ್ಲದ ಗಳಿಗೆ.
ಆಗ ಬಲಗಾಲು ಕೊಯ್ಯಲಿ,
ಬಲಗೈ ಕೊರಳಪಟ್ಟಿಯನ್ನು ಹಿಂದಕ್ಕೆ ದೂಡಲಿ,
ಎಡಗೈ ಮಾತ್ರ ಅವಳ ತೋಳು ಬಿಡಬಾರದು.
ಕೆಡವುವುದು ಯಾರಿಗಾದರೂ ಬರುತ್ತದೆ.
ಬೀಳುವವಳನ್ನು ನೆಲದವರೆಗೆ ಕಳಿಸಿಕೊಡುವುದು
ಎಡಗೈಯ ಕೆಲಸ.

ಕರೆಂಟಿಲ್ಲದ ಚಳಿಗಾಲ.
ಕಿಟಕಿಯಲ್ಲೊಂದು ಸೀಮೆಎಣ್ಣೆಯ ದೀಪ.
ಸಾವಿರ ಸಲ ಒಳಹೊಕ್ಕು
ಸಾವಿರ ಸಲ ಬರಿದೇ ಹಿಂದೆ ಬಂದ ನನ್ನ ಕಾಲಿಗೆ
ಅವತ್ತು ಲಮಾರಾ ಸಿಕ್ಕಳು.
ಸಿಕ್ಕಳು, ಎದ್ದಳು, ಗಾಳಿಯಲ್ಲಿ ಅಡ್ಡವಾದಳು,
ಅವಳ ತೂಕವೇ ಇಲ್ಲ,
ನನಗೂ ಇಲ್ಲ.
ಸಂತೋಷಕ್ಕೆ
ಎರಡೂ ಕೈ ಮೇಲೆತ್ತಿದೆ.

ಒಣಗಿದ ದ್ರಾಕ್ಷಿಬಳ್ಳಿ ಮುರಿದಷ್ಟೇ ಸದ್ದು,
ಬಲ ಹೆಗಲಿನ ಎಲುಬು.
ಮೇಷ್ಟ್ರು ಬೈಯಲಿಲ್ಲ.
ನನ್ನ ಎಡಗೈಯನ್ನು ನೋಡಿದರು,
ಅದು ಬೇರೆ ಯಾರದೋ ಎಂಬಂತೆ.

ಈಗ ಶಿಳ್ಳೆ ನನ್ನ ಕೊರಳಲ್ಲಿ.
ಚಾಪೆ ಹೊಸದು, ನೀಲಿ ಹಳದಿ, ಬೆವರು ಬಿದ್ದರೆ ಜಾರುತ್ತದೆ.
ಲಮಾರಾ ತೊಟ್ಟಿಲು ನಿಲ್ದಾಣದ ಮೆಟ್ಟಿಲ ಕೆಳಗೆ
ಹೊಲಿಗೆಯಂತ್ರ ಇಟ್ಟುಕೊಂಡಿದ್ದಾಳೆ,
ಬಲಹೆಗಲು ಒಂದು ಬೆರಳಿನಷ್ಟು ಕೆಳಗೆ.
ಅಲ್ಲಿ ನನ್ನ ಹೆಜ್ಜೆ ತಾನಾಗಿ ಚುರುಕಾಗುತ್ತದೆ.

ಅವಳ ಮಗಳು ಬಂದಳು, ನಾತೆಲಾ, ಒಂಬತ್ತು ವರ್ಷ,
ಅಮ್ಮನ ಸಹಿಯ ಚೀಟಿ ಹಿಡಿದು.
ಉಳಿದವರಿಗೆ ಮೂರು ತಿಂಗಳಾದರೆ
ಅವಳನ್ನು ಐದು ತಿಂಗಳು ಬೀಳಿಸಿದೆ:
ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ,
ಕಣ್ಣಿಗೆ ಬಟ್ಟೆ ಕಟ್ಟಿ.
ನನಗೆ ಯಾವಾಗ ಪಟ್ಟು, ಅಂತ ಅವಳು.
ನಾಳೆ, ಅಂತ ನಾನು.
ನಾಳೆ ಬಂದರೆ ಮತ್ತೆ ನಾಳೆ.

ಕೊನೆಗೊಂದು ಗುರುವಾರ
ಬೇರೆ ಮಕ್ಕಳನ್ನು ಒಪ್ಪಿಸಲು ಧೈರ್ಯ ಸಾಲದೆ
ನನ್ನನ್ನೇ ಕೆಡವು, ಅಂದೆ.
ತೆನೆ ಬಗ್ಗಿಸಿದಳು. ಹೂಜಿ ಓರೆಯಾಯಿತು.
ನಾನೇ ಸ್ವಲ್ಪ ಹಾರಿದೆ, ಸುಳ್ಳೇಕೆ.
ಮಾಡಿನ ತುಕ್ಕು, ಒಡೆದ ಬಲ್ಬು, ಒಂದು ಪಾರಿವಾಳದ ಗೂಡು,
ಇಷ್ಟು ವರ್ಷ ಇಲ್ಲೇ ಇದ್ದೂ ನೋಡಿರಲಿಲ್ಲ,
ಅಷ್ಟರಲ್ಲಿ ನೆಲ.
ತೋಳಿನ ಹೊಲಿಗೆ ಕಂಕುಳಿಂದ ಮೊಣಕೈವರೆಗೆ
ಚರ್ರೆಂದಿತ್ತು.
ಹರಿದ ಬಟ್ಟೆಯ ತುದಿಯಲ್ಲಿ ಅವಳ ಪುಟ್ಟ ಮುಷ್ಟಿ,
ಗೆಣ್ಣುಗಳು ಬಿಳಿ.
ಬಿಡು, ಮುಗಿಯಿತು, ಅಂದೆ.
ಬಿಡಲಿಲ್ಲ.

ಸಂಜೆ ಮೆಟ್ಟಿಲ ಕೆಳಗೆ ನಿಂತೆ.
ಲಮಾರಾ ಅಂಗಿಯನ್ನು ಒಳಹೊರಗು ಮಾಡಿದಳು,
ಹರಿದಲ್ಲಿ ಬೆರಳು ಹಾಯಿಸಿದಳು.
ಯಾರು ಎಳೆದದ್ದು ಹೀಗೆ?
ನಿನ್ನ ಮಗಳು.
ದಾರವನ್ನು ಬೆಳಕಿಗೆ ಎತ್ತಲು ಬಲಗೈ ಬರಲಿಲ್ಲ,
ಎಡಗೈಯಲ್ಲೇ ಪೋಣಿಸಿದಳು.
ಎರಡು ಸಾಲು ಹೊಲಿಗೆ ಹಾಕುತ್ತೇನೆ, ಅಂದಳು,
ನಾಳೆಯೂ ಎಳೆಯುತ್ತಾಳೆ.