ಎರಡೂ ಕಿವಿ ಕಾಣಬೇಕು

ಕಟಪಾಡಿಯ ಬಸ್‌ಸ್ಟ್ಯಾಂಡಿನ ಹಿಂದೆ ಮೂವತ್ತೊಂದು ವರ್ಷ
ನೀಲಿ ಪರದೆಯೆದುರು ಸ್ಟೂಲಿಟ್ಟು ಹೇಳುತ್ತ ಬಂದೆ:
ಗಲ್ಲ ಸ್ವಲ್ಪ ಕೆಳಗೆ. ಹಲ್ಲು ಬೇಡ.
ಎರಡೂ ಕಿವಿ ಕಾಣಬೇಕು.
ಮಸ್ಕತ್ತಿಗೆ ಹೊರಟವರು, ರೇಶನ್ ಕಾರ್ಡಿನವರು,
ಹಾಲ್‌ಟಿಕೆಟ್ಟಿಗೆ ಎರಡು ಕಾಪಿ ಸಾಕೆಂದ ಹುಡುಗಿಯರು,
ಎಲ್ಲರೂ ನನ್ನ ಮಾತಿಗೆ ಉಸಿರು ಹಿಡಿದು ಕೂತರು.

ಈಗ ಉಸಿರು ಹಿಡಿಯುವವನು ನಾನು.
ಮಟ್ಟುವಿನಲ್ಲಿ, ಗುಳ್ಳದ ಸಾಲುಗಳಾಚೆ, ಬದುವಿನ ಹುಲ್ಲಿನಲ್ಲಿ
ಮೊಣಕಾಲೂರಿ, ಮೊಣಕೈಯೂರಿ.
ಗರಿಕೆಯ ತುದಿಗೆ ಎರಡು ಮಿಲಿಮೀಟರಿನ ಗಿರಾಕಿ.
ಹಳದಿ ಮೈ, ಬೆನ್ನಿಗೆ ಮೂರು ಕಪ್ಪು ಪಟ್ಟಿ,
ಬೆಳಕು ಬಿದ್ದರೆ ಹಸಿರಾಗುವ ಕಣ್ಣು.
ಹೇಳಿದ್ದು ಕೇಳುವ ಪೈಕಿಯಲ್ಲ.
ಕ್ಲಿಕ್ ಎನ್ನುವ ಮೊದಲೇ ಹುಲ್ಲು ಮಾತ್ರ ಅಲ್ಲಾಡುತ್ತದೆ.

ಊರಿಗೆ ಇದು ನೊರಜು.
ದನದ ಕಣ್ಣಿಗೆ ಮುತ್ತುವುದೂ ನೊರಜು,
ಕೊಳೆತ ಬಾಳೆಹಣ್ಣಿನ ಮೇಲೇಳುವುದೂ ನೊರಜು.
ಇದಕ್ಕೆ ಬೇರೆ ಹೆಸರಿರಬೇಕು ಎಂದರೆ
ಅಪ್ಪಿಯಕ್ಕ ಗುಳ್ಳ ಕೊಯ್ಯುತ್ತಲೇ ನಗುತ್ತಾರೆ:
"ಹೆಸರು ಹಿಡಿದು ಕರೆದರೆ ಬರ್ತದಾ ಅದು?"

ಚಿತ್ರ ಹೋಗುವುದು ಬಿಜೈಗೆ, ಹಿಲ್ಡಾ ಟೀಚರಿಗೆ.
ಮಂಡಿ ನೋವು, ಗದ್ದೆಗಿಳಿಯದೆ ಆರು ವರ್ಷ.
ಉತ್ತರ ರಾತ್ರಿ ಊಟದ ಮೇಲೆ:
"ನೆತ್ತಿ ಕಾಣುವುದಿಲ್ಲ. ಅಲ್ಲೊಂದು ತ್ರಿಕೋನವಿದೆ,
ಅದು ಎಲ್ಲಿಯವರೆಗೆ ಇಳಿದಿದೆ, ಹೊಳೆಯುತ್ತದಾ, ಬೇಕು."
"ರೆಕ್ಕೆ ಮಡಚಿದೆ. ನರದ ನಡುವಿನ ಕೊಂಕು ಬೇಕು."
"ಮೀಸೆ ಮಸುಕು. ಇನ್ನೊಮ್ಮೆ."
ಓ, ಈ ದನಿ ನನಗೆ ಗೊತ್ತು.
ಎಷ್ಟು ಜನರನ್ನು ಇದೇ ದನಿಯಲ್ಲಿ
ಮುಖ ತೊಳೆದು ಬನ್ನಿ ಎಂದು ಕಳಿಸಿಲ್ಲ.

ನಲವತ್ತು ತೆಗೆದೆ. ಮೂರು ಉಳಿಯಿತು.
ನೆತ್ತಿ ಸಿಕ್ಕಿತು, ಕಪ್ಪು ತ್ರಿಕೋನ, ಎಣ್ಣೆ ಸವರಿದ ಹಾಗೆ.
ಟೀಚರ್ ಬರೆದರು:
"ಹುಲ್ಲುನೊಣದ ಮನೆತನ, ಸಂಶಯವಿಲ್ಲ.
ಮುಂದಿನದು ಚಿತ್ರದಲ್ಲಿ ಆಗುವುದಿಲ್ಲ.
ಹಿಡಿದು, ಕೊಂದು, ಕಾಗದದ ಮೊನೆಗೆ ಅಂಟಿಸಿದರೆ, ಆಗಲೂ ಬಹುಶಃ."
ಅವರು ಕಳಿಸು ಎನ್ನಲಿಲ್ಲ.
ನಾನು ಕಳಿಸಲೇ ಎನ್ನಲಿಲ್ಲ.

ಒಮ್ಮೆ ಕಾಪುವಿನಿಂದ ಪೊಲೀಸಿನವರು ಬಂದಿದ್ದರು,
ಕಡಲು ಎಸೆದವನೊಬ್ಬನ ಫೋಟೊ ಹಿಡಿದು.
ಅಂಗಿಯ ಜೇಬಿನಲ್ಲಿ ನನ್ನ ಸ್ಟುಡಿಯೋದ ಲಕೋಟೆ,
ಬರೆದ ಹೆಸರನ್ನು ನೀರು ತಿಂದಿತ್ತು.
ಮುಖ ಮುಖವಾಗಿರಲಿಲ್ಲ. ಎಡಗಿವಿಯ ಹಾಲೆ ಮಾತ್ರ
ಹುಟ್ಟಾ ಸೀಳಿದ್ದು, ಹಾಗೇ ಇತ್ತು.
ಆ ಕಿವಿಗೆ ನಾನು ದೀಪ ಸರಿಸಿದ್ದೆ.
ಕಿವಿ ಗೊತ್ತು ಸಾರ್ ಎಂದೆ. ಹೆಸರು ಗೊತ್ತಿಲ್ಲ.
ಅವರು ಬರೆದುಕೊಂಡದ್ದು ಎರಡನೆಯದನ್ನು.

ಮೂರು ಚಿತ್ರಕ್ಕೂ ಒಂದೇ ಹಣೆಪಟ್ಟಿ:
ಮಟ್ಟು, ಬದು, ಜನವರಿ ಒಂಬತ್ತು, ಏಳೂಕಾಲು, ಮಂಜು.

ಇವತ್ತು ಮತ್ತೆ ಬಂದಿದೆ. ಅದೇ ಅಲ್ಲದಿರಬಹುದು.
ಮುಂಗಾಲೆರಡನ್ನೂ ಎತ್ತಿ ತಲೆ ಉಜ್ಜಿಕೊಳ್ಳುತ್ತಿದೆ,
ದಾರ ಕಟ್ಟಿದ ಬಾಚಣಿಗೆಯಲ್ಲಿ, ನನ್ನ ಕನ್ನಡಿಯೆದುರು,
ಕ್ರಾಪು ತಿದ್ದಿಕೊಳ್ಳುತ್ತಿದ್ದವರ ಹಾಗೆ.
ಕಾಯುತ್ತೇನೆ. ಅಂಗಿ ಒದ್ದೆ.
ಅಭ್ಯಾಸಬಲ, ಬಾಯಿಗೆ ಬಂದೇಬಿಡುತ್ತದೆ:
ಆಯ್ತಾ?