ಮೇಲಿನಂತೆ

ಸರಕಾರದ ರಿಜಿಸ್ಟರಿನಲ್ಲಿ ಹದಿನಾಲ್ಕು ಕಾಲಮ್ಮು.
ಹೆಸರು, ವಯಸ್ಸು, ತೂಕ, ಕಫದ ಪರೀಕ್ಷೆ,
ಗುಳಿಗೆ ನುಂಗಿದ ದಿನ, ನುಂಗದ ದಿನ,
ಗುಣವಾದನೋ, ಊರು ಬಿಟ್ಟನೋ, ಸತ್ತನೋ.
ಏನು ಕೆಲಸ ಮಾಡುತ್ತಿದ್ದ ಎಂಬುದಕ್ಕೆ
ಜಾಗವಿಲ್ಲ.

ಕುಷ್ಟಗಿಯಿಂದ ಒಳಗೆ, ಕಲ್ಲು ಕ್ವಾರಿಗಳ ಕಡೆ
ಕ್ಷಯದ ಗುಳಿಗೆ ಹಂಚುವವಳು ನಾನು.
ಸ್ಕೂಟಿಯ ಡಿಕ್ಕಿಯಲ್ಲಿ ಕಫದ ಡಬ್ಬಿ,
ಮಧ್ಯಾಹ್ನದ ರೊಟ್ಟಿ. ಬೇರೆ ಬೇರೆ ಚೀಲ.

ಯಮನೂರಪ್ಪನ ಕಫ ಮೂರು ಸಲ ನೋಡಿದೆವು,
ಮೂರು ಸಲವೂ ಏನೂ ಇಲ್ಲ.
ಆದರೂ ನುಂಗಿದ, ಆರು ತಿಂಗಳು, ಒಂದು ದಿನ ತಪ್ಪಿಸದೆ.
ಐವತ್ತೊಂದು ಕೇಜಿ, ನಲವತ್ತೇಳು, ನಲವತ್ತಮೂರು.
"ಶಮಶಾದಕ್ಕ, ನಿನ್ನ ಗುಳಿಗಿ ಛಲೋನ ಅದಾವು,
ನಾನ ಕೆಟ್ಟೀನೇನೋ" ಅಂದ.
ಕೊಪ್ಪಳದಲ್ಲಿ ಎಕ್ಸರೇ ತೆಗೆಸಿ ಬೆಳಕಿಗೆ ಹಿಡಿದರೆ
ಎದೆಗೂಡಿನ ಎರಡೂ ಕಡೆ
ಜೋಳದ ನುಚ್ಚು ಕೈತಪ್ಪಿ ಚೆಲ್ಲಿದ ಹಾಗೆ.

ಅವತ್ತೇ ಕೇಳಿದ್ದು, ಇಷ್ಟು ದಿನ ಕೇಳದೆ ಇದ್ದದ್ದು.
"ಏನ್ ಕೆಲಸ ಮಾಡ್ತಿದ್ದಿ?"
"ಡ್ರಿಲ್ ಹೊಡಿತಿದ್ದೆ ಅಕ್ಕಾ. ಹನ್ನೊಂದ ವರ್ಷ.
ಸಂಜಿಕಿ ಮನಿಗಿ ಹ್ವಾದ್ರ ನನ ಮಗಳು,
ಅಪ್ಪಾ, ಹಿಟ್ಟಿನ ಗಿರಣಿಗಿ ಹೋಗಿದ್ದೇನ ಅಂತಿತ್ತು."

ಮನೆಗೆ ಬಂದು, ಮಗನ ಸ್ಕೇಲು, ಮಗನ ಪೆನ್ಸಿಲು,
ಕೊನೆಯ ಕಾಲಮ್ಮಿನಾಚೆ ಅಂಚಿನ ಖಾಲಿಯಲ್ಲಿ
ಒಂದು ಗೆರೆ ಎಳೆದೆ. ತಲೆಗೆ ಬರೆದೆ: ಕಸುಬು.
ಯಮನೂರಪ್ಪ: ಡ್ರಿಲ್, ಹನ್ನೊಂದು ವರ್ಷ.
ಹಳೆಯ ಹಾಳೆಗಳನ್ನು ಹಿಂದಕ್ಕೆ ತಿರುವುತ್ತ
ಮನೆಮನೆಗೆ ಮತ್ತೆ ಹೋದೆ.
ಸೋಮಲೆಪ್ಪ ರಾಠೋಡ: ಮೇಲಿನಂತೆ.
ಖಾಜಾಬಿಯ ಗಂಡ: ಮೇಲಿನಂತೆ, ಒಂಬತ್ತು ವರ್ಷ.
ಹುಲಿಗೆಮ್ಮ ಡ್ರಿಲ್ ಮುಟ್ಟಿದವಳೇ ಅಲ್ಲ,
ಕ್ರಶರಿನ ಬಾಯಿಗೆ ಬುಟ್ಟಿ ಹೊತ್ತವಳು.
ಅವಳ ಕೆಳಗಿನವನು, ಅವನ ಕೆಳಗಿನವನು
ಮೇಲಿನಂತೆ, ಮೇಲಿನಂತೆ.
ಬರೆದು ಬರೆದು ಸಾಕಾಗಿ ಎರಡು ಕೊಕ್ಕೆ ಹಾಕತೊಡಗಿದೆ.
ಕೊಕ್ಕೆಗೆ ಕೊಕ್ಕೆ ಸಿಕ್ಕಿ ಪುಟದ ಬುಡದವರೆಗೆ ಇಳಿಯಿತು.

ಯಮನೂರಪ್ಪ ಹೋದದ್ದು
ಗುಳಿಗೆ ಮುಗಿದ ಒಂಬತ್ತನೇ ದಿನ.
ರಿಜಿಸ್ಟರು ಹೇಳುವುದು: ಚಿಕಿತ್ಸೆ ಪೂರ್ಣ.

ಬಸಲಿಂಗನದು ಬೇರೆ. ಮದ್ದು ಸಿಡಿದಾಗ ಸತ್ತ.
ಕಾಗದದಲ್ಲಿ "ಬೈಕಿನಿಂದ ಬಿದ್ದು".
ಅವನ ಹತ್ತಿರ ಬೈಕು ಇರಲಿಲ್ಲ.
ನನ್ನ ರಿಜಿಸ್ಟರಿಗೆ ಸೇರುವ ಸಾವಲ್ಲ ಅದು,
ಆದರೂ ಬರೆದೆ. ಕೈ ನಿಲ್ಲಲಿಲ್ಲ.

ಜಿಲ್ಲೆಯ ಸಾಹೇಬರು ಕನ್ನಡಕ ಏರಿಸಿ
"ಇಲ್ಲದ ಕಾಲಮ್ ತುಂಬಬ್ಯಾಡ್ರಿ" ಎಂದರು,
ರಬ್ಬರನ್ನೂ ತಾವೇ ಕೊಟ್ಟರು. ಅಳಿಸಿದೆ.
ಒತ್ತಿ ಬರೆಯುವುದು ನನ್ನ ಹಳೆಯ ಚಾಳಿ.
ಕೆಳಗಿನ ಹಾಳೆಯಲ್ಲಿ, ಓರೆ ಬೆಳಕಿಗೆ,
ಎಲ್ಲರೂ ಇದ್ದರು.
ಎರಡು ದಿನ ಬಿಟ್ಟು ಅವರದೇ ಫೋನು:
"ಎಷ್ಟ್ ಮಂದಿ ಅಂದ್ರಿ?"
"ಮೂವತ್ತೊಂದು, ಸರ್."
ಆ ಕಡೆ ಫ್ಯಾನು ತಿರುಗುವ ಸದ್ದು, ಬಹಳ ಹೊತ್ತು.

ಪಾಲಿಶ್ ಶೆಡ್ಡಿನಲ್ಲಿ ಕಲ್ಲಿಗೆ ದಿನವಿಡೀ ನೀರು.
ತೊಳೆದು, ಉಜ್ಜಿ, ಮದುಮಗಳ ಹಾಗೆ ಲಾರಿ ಹತ್ತಿಸುತ್ತಾರೆ.
ಕೊರೆಯುವಲ್ಲಿಗೆ ಒಂದು ಪೈಪು ಬರಲು
ಮೂವತ್ತೊಂದು ಎಕ್ಸರೇ ಬೇಕಾಯಿತು;
ಅದೂ ಒಂದು ಕ್ವಾರಿಗೆ, ಒಂದೇ ಒಂದಕ್ಕೆ.
ಅಲ್ಲೀಗ ಧೂಳು ಮೇಲೇಳುವುದಿಲ್ಲ,
ಬೂದಿ ಬಣ್ಣದ ಕೆಸರಾಗಿ ಕಾಲಡಿ ಹರಿಯುತ್ತದೆ.

ಆ ಕ್ವಾರಿಯ ಹುಡುಗ ಸಣ್ಣೆಪ್ಪ, ಕೆಮ್ಮೆಂದು ಬಂದಿದ್ದ.
ಬರೀ ನೆಗಡಿ. ತೂಗಿದೆ: ಐವತ್ತೆರಡು.
ಮರುತಿಂಗಳು ಚಹದಂಗಡಿಯಲ್ಲಿ ಸಿಕ್ಕವನನ್ನು
ಎಳೆದುಕೊಂಡು ಹೋಗಿ ಮತ್ತೆ ನಿಲ್ಲಿಸಿದೆ.
ತೂಕದ ಕಾಲಮ್ಮಿನಲ್ಲಿ ಬರೆದೆ: ಮೇಲಿನಂತೆ.
ಈ ಪದವನ್ನು ಇಷ್ಟು ನಿಧಾನವಾಗಿ
ಹಿಂದೆಂದೂ ಬರೆದಿರಲಿಲ್ಲ.

ನೀರಿನ ಟ್ಯಾಂಕರಿನ ಬಿಲ್ಲು
ಎರಡು ತಿಂಗಳಿಂದ ಯಾರೂ ಕಟ್ಟಿಲ್ಲವಂತೆ.
ಸೋಮವಾರ ಹೋಗಿ ಕೇಳಬೇಕು.