ಎತ್ತಿದ ಕೈ

ಬೆಳಿಗ್ಗೆ ಏಳೂವರೆಗೇ ಬಂದು ವಲೀಕೋ
ಅವನ ಬಲಗೈಯನ್ನೆತ್ತಿ ಹಲಗೆಗೆ ಕಟ್ಟಿ ಹೋಗಿದ್ದಾನೆ.
ಉತ್ತರ ಗೊತ್ತಿರುವ ಹುಡುಗನ ಹಾಗೆ
ಮಲಗಿದಲ್ಲೇ ಕೈ ಎತ್ತಿದ್ದಾನೆ, ಹೆಸರಿಲ್ಲದವನು.
ಯಾವುದರಲ್ಲೋ ಇವನದೂ ಎತ್ತಿದ ಕೈ ಇದ್ದೀತು:
ಹೆಬ್ಬೆರಳ ಬುಡದ ಜಡ್ಡು ನೋಡಿದರೆ
ದ್ರಾಕ್ಷಿಬಳ್ಳಿ ಸವರುವುದರಲ್ಲಿ.

ಕುತಾಯಿಸಿಯ ಚಳಿ. ಕಿಟಕಿಯಾಚೆ ರಿಯೋನಿ ನದಿ
ಬಿಳಿ ಕಲ್ಲುಗಳ ಮೇಲೆ ಗೊಣಗುತ್ತಿದೆ.
ಹನ್ನೊಂದು ಮಕ್ಕಳು, ಮೂಗಿಗೆ ಕರವಸ್ತ್ರ.
ಹತ್ತಿರ ಬನ್ನಿ, ಎನ್ನುತ್ತೇನೆ. ಕಂಕುಳೆಂದರೆ ನಗಬೇಡಿ.
ಕೈ ಇಳಿಸಿದರೆ ಬರೀ ಒಂದು ಗೀರು,
ಎತ್ತಿದಾಗ ಮಾತ್ರ ಕೋಣೆ.
ಎದೆಯ ಸ್ನಾಯು ಮುಂದಿನ ಗೋಡೆ, ಹೆಗಲ ಹಲಗೆ ಹಿಂದಿನದು,
ಒಳಗೆ ಪಕ್ಕೆಲುಬು, ಹೊರಗೆ ತೋಳಿನ ಮೂಳೆ,
ಮೇಲೆ, ಕೊರಳೆಲುಬಿನ ಹಿಂದೆ, ಒಂದು ಕಿರುಬಾಗಿಲು.
ಕೈಗೆ ಹೋಗುವುದೆಲ್ಲ
ಅಲ್ಲೇ ತಲೆ ತಗ್ಗಿಸಿ ಬರಬೇಕು.

ಒದ್ದೆ ಮೆಕ್ಕೆಜೋಳದ ಹಿಟ್ಟಿನಂಥ ಕೊಬ್ಬು ಸರಿಸಿದರೆ
ಮೊದಲು ಅಪಧಮನಿ.
ಮೊದಲ ಪಕ್ಕೆಲುಬು ದಾಟುವ ತನಕ ಅದಕ್ಕೊಂದು ಹೆಸರು,
ಇಲ್ಲಿ ಇನ್ನೊಂದು, ಈ ಸ್ನಾಯುವಿನ ಅಂಚು ಕಳೆದರೆ ಮತ್ತೊಂದು.
ನೆತ್ತರು ಒಂದೇ.
ನಮ್ಮ ಬೀದಿಯೂ ಹಾಗೇ: ಅಜ್ಜಿಯ ಕಾಲಕ್ಕೆ ಒಬ್ಬ ಸಂತನದು,
ಅಪ್ಪನ ಕಾಲಕ್ಕೆ ಒಬ್ಬ ಕಮಿಸಾರನದು, ಈಗ ಯಾರೋ ಕವಿಯದು.
ರೊಟ್ಟಿಯಂಗಡಿ ಮಾತ್ರ ಇದ್ದಲ್ಲೇ ಇದೆ.

ಗ್ವಾಂತ್ಸಾ ಹುಡುಕುತ್ತಾಳೆ, ಹುಡುಕುತ್ತಾಳೆ, ಸಿಗುತ್ತಿಲ್ಲ ಎನ್ನುತ್ತಾಳೆ.
ಅವಳ ಎಡ ಹೆಬ್ಬೆರಳು ಒತ್ತಿ ಹಿಡಿದಿರುವುದೇ ಅದು.
ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ!
ಹೆಣದ ಮನೆಯಲ್ಲಿ ನಗು ಎದ್ದಿತು. ಏಳಲಿ.

ಆಮೇಲೆ ನರಗಳು. ಕೊರಳಿನಿಂದ ಐದು ಬೇರು,
ಕೂಡಿ ಮೂರು, ಒಡೆದು ಆರು, ಮತ್ತೆ ಕೂಡಿ ಮೂರು ಹುರಿ,
ಮನಸ್ಸು ಬದಲಿಸುತ್ತ ಬದಲಿಸುತ್ತ
ಯಾರೋ ಜಡೆ ಹೆಣೆದ ಹಾಗೆ.
ಧಮನಿಯನ್ನು ತಬ್ಬಿ ಅವು ಬರೆಯುವ ಅಕ್ಷರಕ್ಕೆ
ಪುಸ್ತಕ ಲ್ಯಾಟಿನ್ನಿನ ಎಮ್ ಎನ್ನುತ್ತದೆ.
ರಮಾಝನಿಗೆ ಅದು ನಮ್ಮ ಲಿಪಿಯ 'ಓ': ಎರಡು ಗುಡ್ಡ, ಕೆಳಗೆ ಬಯಲು.
ಸರಿ, ಹಾಗೇ ಬರೆದುಕೋ.

ಇದು ಮೊಣಕೈ ಮಡಿಸಿ ಬಟ್ಟಲನ್ನು ತುಟಿಗೆ ತರುವ ನರ.
ಇದು ಮಣಿಕಟ್ಟನ್ನು ನೆಟ್ಟಗಿಟ್ಟು ದ್ರಾಕ್ಷಾರಸ ಚೆಲ್ಲದಂತೆ ಕಾಯುವುದು.
ಮೂಳೆಯ ಕುತ್ತಿಗೆ ಬಳಸಿ ಹೋಗುವ ಈ ಗಿಡ್ಡನದೇ
ಕೈಯೆತ್ತುವ ಕೆಲಸ.
ಒಂದು ಹಾರೈಕೆಯ ಮಾತಿಗೆ
ಮೇಜಿನ ಸುತ್ತ ಎಷ್ಟು ಕಂಕುಳು ತೆರೆಯುತ್ತವೆ, ಲೆಕ್ಕ ಹಾಕಿ.

ತೊಂಬತ್ತಮೂರರಲ್ಲಿ ಕರೆಂಟಿರಲಿಲ್ಲ.
ಇದೇ ಮೇಜಿನ ಬಳಿ ಮೇಣದಬತ್ತಿ ಹಿಡಿದು ನಿಂತವಳು ನಾನು.
ಒಂದು ಹನಿ ಯಾರದೋ ಕಂಕುಳಿಗೆ ಬಿತ್ತು.
ಅಯ್ಯೋ ಎಂದವಳು ನಾನೇ.

ಕೊನೆಗೆ ದುಗ್ಧಗ್ರಂಥಿಗಳು, ಬೀನ್ಸ್ ಕಾಳಿನಷ್ಟು.
ಎಷ್ಟಿರುತ್ತವೆ, ಕಲ್ಬಾತೊನೊ ತ್ಸಿಯಾಲಾ?
ಇಪ್ಪತ್ತು, ಮೂವತ್ತು, ಎಂದೆ.
ನನ್ನ ಎಡಗಡೆ ಎಷ್ಟು ಉಳಿದಿವೆಯೋ, ಅದನ್ನು ಹೇಳಲಿಲ್ಲ.
ಹೋದ ವರ್ಷ ತ್ಬಿಲಿಸಿಯಲ್ಲಿ ಹದಿನೇಳು ತೆಗೆದು
ಎಣಿಸಿ, ಮುದ್ರೆಯೊತ್ತಿ, ಬರೆದುಕೊಟ್ಟರು.
ಸಂಜೆಗೆ ತೋಳಿನಲ್ಲಿ ನೀರು ನಿಲ್ಲುತ್ತದೆ.
ಉಂಗುರ ಬಲಗೈಗೆ ಬಂದಿದೆ.

ಇಲ್ಲಿ ನೋಡಿ, ಪಕ್ಕೆಲುಬಿನ ಸಂದಿಯಿಂದ ಹೊರಟು
ತೋಳಿನ ಒಳಮೈಗೆ ಹೋಗುವ ಈ ದಾರದೆಳೆ, ಕಂಡಿತೇ?
ಏನನ್ನೂ ಎತ್ತುವುದಿಲ್ಲ, ಏನನ್ನೂ ಮಡಿಸುವುದಿಲ್ಲ.
ಪರೀಕ್ಷೆಯಲ್ಲಿ ಅರ್ಧ ಅಂಕ.

ಜ್ವರ ಬಂದರೆ ಅಮ್ಮ ಪಾದರಸದ ಕಡ್ಡಿ ಝಾಡಿಸಿ
ಇಲ್ಲಿ ಸಿಕ್ಕಿಸುತ್ತಿದ್ದಳು. ಗಾಜಿನ ತಣ್ಪಿಗೆ ಮೈಯೆಲ್ಲ ಜುಂ.
ಅಲುಗಬೇಡ, ಒಳಗೆ ಹಕ್ಕಿ ಇದೆ ಅಂದುಕೋ, ಹತ್ತು ನಿಮಿಷ.
ಹೋದ ವಾರ ಜ್ವರ. ಎಡಕ್ಕೇ ಇಟ್ಟೆ, ಅಭ್ಯಾಸ.
ಇಟ್ಟೆನೋ ಇಲ್ಲವೋ ಎಂದು
ಮೂರು ಸಲ ಬಗ್ಗಿ ಕಣ್ಣಿಂದ ನೋಡಿಕೊಂಡೆ.
ಮೂವತ್ತೆಂಟು, ಮೇಲೆ ಎರಡು ಗೆರೆ.
ಹಕ್ಕಿ ಇತ್ತು.

ಅದನ್ನು ಕತ್ತರಿಸಬೇಡಿ, ಎನ್ನುತ್ತೇನೆ.
ಯಾಕೆಂದು ಗ್ವಾಂತ್ಸಾ ಕೇಳುವುದಿಲ್ಲ, ಇಕ್ಕಳ ಕೆಳಗಿಡುತ್ತಾಳೆ.

ಮಧ್ಯಾಹ್ನ ವಲೀಕೋ ಕಟ್ಟು ಬಿಚ್ಚಿದರೂ
ಆ ಕೈ ತಾನಾಗಿ ಇಳಿಯುವುದಿಲ್ಲ.
ಇಬ್ಬರೂ ಸೇರಿ ಮೆಲ್ಲಗೆ ಒತ್ತಬೇಕು.
ನಾನು ಬಲಗೈಯಿಂದ.